ಬೆಳಕು ಹಿಡಿದವರ ವಿಳಾಸ

ನಂಜುಮಳಿಗೆ, ಮೈಸೂರು
9 ಆಗಸ್ಟ್ 2023

ಶ್ರೀ ಅಮರೇಶ್ ಅವರಿಗೆ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಾನು ಪ್ರೇಮಲೀಲಾ. ನಂಜುಮಳಿಗೆಯಲ್ಲಿ ಗಂಗಾ ಸ್ಟುಡಿಯೋ ನಡೆಸುತ್ತಿದ್ದ ಫೋಟೋಗ್ರಾಫರ್ ಶಿವರುದ್ರಪ್ಪನವರ ಹೆಂಡತಿ. ಅವರು ಹೋಗಿ ಎರಡು ವರ್ಷವಾಯಿತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿ ಇದೆ.

ಅವರು ಮದುವೆ ಫೋಟೋಗಳಿಗೆಲ್ಲ ಬಳಸಿದ ಫ್ಲ್ಯಾಷ್ ನನ್ನ ಬೀರುವಿನಲ್ಲಿದೆ. ಕೈಯಲ್ಲಿ ಹಿಡಿಯುವಂಥದ್ದು, ಉದ್ದ ಟಾರ್ಚಿನಂಥ ಹಿಡಿ, ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ತಲೆ. ಹಿಡಿಯೊಳಗೆ ಆರು ಸೆಲ್ಲು ಕೂರುವ ತಟ್ಟೆ. ಮೊನ್ನೆ ತೆಗೆದು ನೋಡಿದರೆ ಹಳೆಯ ಚಾರ್ಜ್ ಸೆಲ್ಲುಗಳು ಒಡೆದು ಬಿಳಿ ಹಸಿರು ಪುಡಿ ಉಕ್ಕಿದೆ. ಇಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ದಿಲೀಪ್ ಅಂಗಡಿ ಮುಚ್ಚಿದ್ದಾರೆ. ಈ ಕಾಲದಲ್ಲಿ ಇಂಥ ಫ್ಲ್ಯಾಷ್ ಮುಟ್ಟುವವರು ಸಿಂಧನೂರಿನಲ್ಲಿ ನೀವೊಬ್ಬರೇ ಎಂದು ವಿಳಾಸ ಕೊಟ್ಟರು.

ನಂಬರನ್ನೂ ಕೊಟ್ಟರು. ಆದರೆ ನನಗೆ ಕಿವಿ ಮಂದ. ಎದುರು ಕೂತವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ; ಫೋನಿಗೆ ತುಟಿ ಇಲ್ಲ. ಮೊಬೈಲಿನಲ್ಲಿ ಅಕ್ಷರ ಕುಟ್ಟಲು ಹೋದರೆ ಒಂದು ಒತ್ತಿದರೆ ಇನ್ನೊಂದು ಬರುತ್ತದೆ. ಹಾಗಾಗಿ ಪತ್ರ.

ಈಗಿನ ಚಾರ್ಜ್ ಸೆಲ್ಲುಗಳನ್ನು ಇದಕ್ಕೆ ಹಾಕಬಹುದೇ? ಬಳಸುವ ಉದ್ದೇಶವೇನೂ ಇಲ್ಲ, ಶೋಕೇಸಿನಲ್ಲಿಡಲು. ಆದರೂ ಉರಿಯುವಂತಿದ್ದರೆ ಚೆನ್ನ. ಈ ಫ್ಲ್ಯಾಷ್ ಏನು ಮಾಡುತ್ತಿತ್ತು ಎಂದು ನಿಮಗೆ ತಿಳಿಯಲಿ ಎಂದು ಅವರು ತೆಗೆದ ಮೂರು ಫೋಟೋ ಇಟ್ಟಿದ್ದೇನೆ. ವಾಪಸು ಬೇಡ, ಪ್ರತಿಗಳು.

ಇತಿ,
ಪ್ರೇಮಲೀಲಾ ಶಿವರುದ್ರಪ್ಪ

*

ಸಿಂಧನೂರು
17 ಆಗಸ್ಟ್ 2023

ಪ್ರೇಮಲೀಲಾ ಅಮ್ಮನವರಿಗೆ,

ಶರಣು ಶರಣಾರ್ಥಿ. ನನ್ನ ಅಂಗಡಿಗೆ ಬಿಲ್ಲು ಬಿಟ್ಟು ಬೇರೆ ಪತ್ರ ಬಂದು ಬಹಳ ಕಾಲವಾಗಿತ್ತು.

ಮೊದಲು ಕೆಲಸದ ಮಾತು. ಒಡೆದ ಸೆಲ್ಲುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ತಟ್ಟೆಯ ತಗಡುಗಳನ್ನು ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಒಣಗಲು ಬಿಡಿ. ಫ್ಲ್ಯಾಷಿನ ಮೈಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗವೊಂದಿದೆ, ಸೆಲ್ಲು ತೆಗೆದ ಮೇಲೂ ಶಾಕ್ ಹೊಡೆಯುತ್ತದೆ.

ಈಗಿನ ಚಾರ್ಜ್ ಸೆಲ್ಲು ಧಾರಾಳವಾಗಿ ಹಾಕಬಹುದು. ಪೆನ್ಸಿಲ್ ಸೆಲ್ಲಿನ ಅಳತೆಯದೇ, ಆರು ತನ್ನಿ. ಮೈಮೇಲೆ 1.2 ವೋಲ್ಟು ಎಂದಿರುತ್ತದೆ. ಮಾಮೂಲಿ ಸೆಲ್ಲು ಒಂದೂವರೆ, ಇದು ಕಡಿಮೆಯಲ್ಲವೇ ಎಂದು ಎಲ್ಲರೂ ಅನುಮಾನಿಸುತ್ತಾರೆ. ನೀರಿನ ತೊಟ್ಟಿ ಸ್ವಲ್ಪ ತಗ್ಗಿನಲ್ಲಿದೆ, ಆದರೆ ಕೊಳಾಯಿ ಅಗಲವಾಗಿದೆ ಎಂದುಕೊಳ್ಳಿ. ಫ್ಲ್ಯಾಷ್ ಒಂದೇ ಗುಟುಕಿಗೆ ಬಹಳ ಕುಡಿಯುತ್ತದೆ. ಅದಕ್ಕೆ ಅಗಲ ಕೊಳಾಯಿಯೇ ಬೇಕು. ಹೊಸ ಸೆಲ್ಲು ಹಾಕಿದರೆ ನಿಮ್ಮವರ ಕಾಲಕ್ಕಿಂತ ಬೇಗ ಸಿದ್ಧವಾಗುತ್ತದೆ. ಬಹಳ ವರ್ಷ ಮಲಗಿದ್ದ ಫ್ಲ್ಯಾಷಾದ್ದರಿಂದ ಮೊದಲ ದಿನವೇ ಹೊಡೆಯಬೇಡಿ. ಸ್ವಲ್ಪ ಹೊತ್ತು ಆನ್ ಮಾಡಿ ಆರಿಸಿ. ಮರುದಿನ ಇನ್ನಷ್ಟು ಹೊತ್ತು. ಕಾಯಿಲೆಯಿಂದ ಎದ್ದವರಿಗೆ ಗಂಜಿ ಕೊಟ್ಟಂತೆ. ಒಳಗಿನಿಂದ ಸಣ್ಣ ಸಿಳ್ಳೆ ಏರುತ್ತಾ ಹೋಗುವುದು ಕೇಳಿಸುತ್ತದೆ, ಅದೇ ಆರೋಗ್ಯದ ಲಕ್ಷಣ.

ಇನ್ನು ಫೋಟೋಗಳು. ಅಮ್ಮಾ, ನಾನು ನೂರಾರು ಮದುವೆ ಆಲ್ಬಂ ನೋಡಿದವನು. ಎಲ್ಲರೂ ಫ್ಲ್ಯಾಷನ್ನು ಕ್ಯಾಮೆರಾಗೆ ಸಿಕ್ಕಿಸಿ ನೇರ ಮುಖಕ್ಕೆ ಹೊಡೆಯುತ್ತಿದ್ದರು. ಮದುಮಗಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಇವುಗಳಲ್ಲಿ ಬೆಳಕು ಪಕ್ಕದಿಂದ ಬಂದಿದೆ, ಕ್ಯಾಮೆರಾದಿಂದ ದೂರದಿಂದ. ಅಂದರೆ ಬೇರೆ ಯಾರೋ ಹಿಡಿದು ನಿಂತಿದ್ದರು. ಯಾರು ಅವರು? ಈಗ ಎಲ್ಲಿದ್ದಾರೆ?

ತಮ್ಮ ವಿಶ್ವಾಸಿ,
ಅಮರೇಶ್

(ಕೆಳಗೆ ಬೇರೆ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ:) ಎರಡನೇ ಫೋಟೋದಲ್ಲಿ ಮದುಮಗಳ ಬೆನ್ನಿಗೇ ಗೋಡೆ ಇದೆ. ನೆರಳು ಎಲ್ಲಿ ಹೋಯಿತು?

(ಮತ್ತೆ ಅಮರೇಶರ ಅಕ್ಷರದಲ್ಲಿ:) ಅಂಗಡಿಯ ಹುಡುಗ ನಾನು ನೋಡದಾಗ ಬರೆದುಬಿಟ್ಟಿದ್ದಾನೆ. ಕ್ಷಮಿಸಿ.

*

ನಂಜುಮಳಿಗೆ, ಮೈಸೂರು
25 ಆಗಸ್ಟ್ 2023

ಅಮರೇಶ್ ಅವರಿಗೆ,

ಇವತ್ತು ವರಮಹಾಲಕ್ಷ್ಮಿ ಹಬ್ಬ. ಮನೆಯಲ್ಲಿ ನಾನೊಬ್ಬಳೇ, ಒಬ್ಬಟ್ಟು ಹತ್ತು ಜನರಿಗಾಗುವಷ್ಟು. ಅದಕ್ಕೇ ಬರೆಯಲು ಕೂತಿದ್ದೇನೆ.

ತಟ್ಟೆ ಉಜ್ಜಿದೆ. ತಗಡು ಹೊಸದರಂತೆ ಹೊಳೆಯುತ್ತಿದೆ. ಸೆಲ್ಲು ತರಲು ಹೋದರೆ ಅಂಗಡಿಯವನು 1.2 ಅಂದರೆ ಆಟದ ಸಾಮಾನಿಗೆ, ನಿಮ್ಮ ದೊಡ್ಡ ಲೈಟಿಗೆ ಸಾಲದು ಎಂದು ಅದೇ ಅಳತೆಯ ನೀಲಿ ಸೆಲ್ಲು ಕೊಟ್ಟ. ಅದರ ಮೇಲೆ 3.7 ಎಂದಿದೆ. ಇನ್ನೂ ಹೊಸ ಕಾಲದ್ದಂತೆ, ಶಕ್ತಿ ಜಾಸ್ತಿಯಂತೆ. ಸೋಮವಾರ ಒಳ್ಳೆಯ ದಿನ, ಅಂದು ಹಾಕುತ್ತೇನೆ. ಹಾಗಾಗಿ ಸೆಲ್ಲಿನ ವಿಷಯಕ್ಕೆ ನೀವಿನ್ನು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಮ್ಮ ಅಂಗಡಿ ಹುಡುಗನ ಕಣ್ಣು ಚುರುಕಾಗಿದೆ, ಬೈಯಬೇಡಿ. ಆ ಮದುವೆ ನಂಜನಗೂಡಿನ ಛತ್ರದಲ್ಲಿ ಆದದ್ದು. ಜಾಗ ಇಕ್ಕಟ್ಟು, ಬೆನ್ನ ಹಿಂದೆ ಸುಣ್ಣದ ಗೋಡೆ. ನೇರ ಹೊಡೆದಿದ್ದರೆ ಗೋಡೆಯ ಮೇಲೆ ಇನ್ನೊಬ್ಬ ಕರಿ ಮದುಮಗಳು ನಿಂತಿರುತ್ತಿದ್ದಳು. ಹುಡುಗಿಯ ಸೋದರಮಾವ ದಪ್ಪನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಅವರನ್ನು ಒಂದು ಗಳಿಗೆ ಬೆನ್ನು ತಿರುಗಿಸಿ ನಿಲ್ಲಿಸಿ ಫ್ಲ್ಯಾಷನ್ನು ಆ ಬೆನ್ನಿಗೆ ಹೊಡೆದದ್ದು. ಬೆಳಕು ಶರ್ಟಿಗೆ ಬಡಿದು ಹುಡುಗಿಯ ಕೆನ್ನೆಗೆ ಹಾಲಿನಂತೆ ಬಂತು. ನೆರಳು ಇತ್ತು, ಆದರೆ ನೆರಳಿಗೆ ಅಂಚು ಇರಲಿಲ್ಲ. ಹೀಗೆಂದು ಹುಡುಗನಿಗೆ ಹೇಳಿ.

ಹಿಡಿದವರು ಯಾರೆಂದು ಕೇಳಿದ್ದೀರಿ. ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಒಬ್ಬರಿದ್ದರು, ಸಿದ್ದಪ್ಪಾಜಿ ಅಂತ. ಮೇಲಿನದ್ದನ್ನೆಲ್ಲ ಅವರೇ ಹೇಳುತ್ತಿದ್ದರು. ಈಗ ವಯಸ್ಸಾಗಿದೆ.

ಪ್ರೇಮಲೀಲಾ

*

ಸಿಂಧನೂರು
30 ಆಗಸ್ಟ್ 2023

ಅಮ್ಮನವರೇ,

ಪತ್ರ ಈಗ ತಾನೇ ಕೈಗೆ ಬಂತು. ಅವಸರದಲ್ಲಿ ಬರೆಯುತ್ತಿದ್ದೇನೆ. ಆ ನೀಲಿ ಸೆಲ್ಲು ಹಾಕಲೇಬೇಡಿ. ಅಳತೆ ಒಂದೇ, ಜಾತಿ ಬೇರೆ. ಆರು ಸೇರಿದರೆ ಇಪ್ಪತ್ತೆರಡು ವೋಲ್ಟು ದಾಟುತ್ತದೆ. ನಿಮ್ಮ ಫ್ಲ್ಯಾಷಿನ ಹೊಟ್ಟೆ ಒಂಬತ್ತಕ್ಕೆ ಮಾಡಿದ್ದು. ಸುಟ್ಟುಹೋಗುತ್ತದೆ. ಮೊದಲೇ ಎಚ್ಚರಿಸಬೇಕಿತ್ತು, ಹೊಳೆಯಲಿಲ್ಲ. ದಿಲೀಪ್ ಅವರಿಗೂ ಫೋನ್ ಮಾಡಿ ನಿಮ್ಮ ಮನೆಗೆ ಹೋಗಿ ಹೇಳಲು ಕೇಳಿದೆ. ಅವರು ಧರ್ಮಸ್ಥಳದಲ್ಲಿದ್ದಾರಂತೆ. ಸೋಮವಾರ ಕಳೆದೇಹೋಗಿದೆ. ನೀವು ಏನೋ ಕಾರಣಕ್ಕೆ ಮುಂದೂಡಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇದರೊಂದಿಗೆ ಸಿದ್ದಪ್ಪಾಜಿಯವರಿಗೆ ಒಂದು ಚೀಟಿ ಇಟ್ಟಿದ್ದೇನೆ. ದಯವಿಟ್ಟು ತಲುಪಿಸಿ.

ಅಮರೇಶ್

(ಜೊತೆಗಿದ್ದ ಚೀಟಿ)

ಸಿದ್ದಪ್ಪಾಜಿ ಹಿರಿಯರಿಗೆ, ಶರಣು.

ನಾನು ಫ್ಲ್ಯಾಷ್ ರಿಪೇರಿ ಮಾಡುವವನು. ಇಷ್ಟು ವರ್ಷ ಬೆಳಕು ಬರುತ್ತದೋ ಇಲ್ಲವೋ ಎಂದಷ್ಟೇ ನೋಡಿದೆ. ಬಂದ ಬೆಳಕು ಎಲ್ಲಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ. ನೀವು ಹಿಡಿದ ಬೆಳಕನ್ನು ಮೂರು ಫೋಟೋದಲ್ಲಿ ನೋಡಿದೆ. ಮೂರನೆಯದರಲ್ಲಿ ಮಗಳನ್ನು ಒಪ್ಪಿಸಿಕೊಡುವ ತಾಯಿ ಅಳುತ್ತಿದ್ದಾಳೆ. ನೀವು ಬೆಳಕನ್ನು ಅವಳ ಕಣ್ಣಿಗೆ ಕೊಟ್ಟಿಲ್ಲ, ಕೈಗೆ ಕೊಟ್ಟಿದ್ದೀರಿ. ಮಗಳ ಮೊಣಕೈ ಹಿಡಿದ ಆ ಐದು ಬೆರಳು. ಮುಖ ಅರ್ಧ ಕತ್ತಲಲ್ಲಿದೆ. ಅಳುವವರನ್ನು ಅಳಲು ಬಿಟ್ಟ ಆ ಮರ್ಯಾದೆ ನನಗೆ ಬಹಳ ಹಿಡಿಸಿತು. ಕ್ಲಿಕ್ ಮಾಡಿದವರ ಹೆಸರು ಫೋಟೋದ ಹಿಂದೆ ಮೊಹರಿನಲ್ಲಿದೆ. ನಿಮ್ಮ ಹೆಸರು ಎಲ್ಲೂ ಇಲ್ಲ. ಅದಕ್ಕೇ ಈ ಚೀಟಿ.

ನನಗೆ ತಿಳಿದ ಒಬ್ಬರು ಫೋಟೋ ಕೆಲಸ ಕಲಿಯಲು ಆಸೆಪಟ್ಟಿದ್ದಾರೆ. ನಾಲ್ಕು ಮಾತು ಹೇಳಿಕೊಡುವಿರಾ?

ಅಮರೇಶ್

*

ನಂಜುಮಳಿಗೆ, ಮೈಸೂರು
26 ಸೆಪ್ಟೆಂಬರ್ 2023

ಅಮರೇಶ್ ಅವರಿಗೆ,

ಪತ್ರ ತಲುಪಿತು. ಚೀಟಿಯನ್ನು ಸಿದ್ದಪ್ಪಾಜಿಗೆ ಕೊಟ್ಟೆ. ಓದಿಕೊಂಡರು. ಸಂತೋಷವಾಯಿತು ಅಂದರು. ಯಾರಿಗೂ ಏನೂ ಕಲಿಸುವ ಸ್ಥಿತಿಯಲ್ಲಿ ಅವರಿಲ್ಲ.

ಫ್ಲ್ಯಾಷ್ ಬೀರುವಿನಲ್ಲಿದೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಪ್ರೇಮಲೀಲಾ

*

ಸಿಂಧನೂರು
4 ಅಕ್ಟೋಬರ್ 2023

ಅಮ್ಮನವರೇ,

ನಿಮ್ಮ ಪತ್ರ ಓದಿ ಸಂಕಟವಾಯಿತು. ಸಿದ್ದಪ್ಪಾಜಿಯವರಿಗೆ ಮೈಯಲ್ಲಿ ಹುಷಾರಿಲ್ಲವೇ? ಅಥವಾ ಗುರುತು ಪರಿಚಯ ಇಲ್ಲದವನು ಹೀಗೆ ಬರೆದದ್ದು ತಪ್ಪಾಯಿತೇ? ಯಜಮಾನರ ಹೆಸರು ಬಿಟ್ಟು ಕೆಲಸದವರನ್ನು ಹೊಗಳಿದ್ದು ನಿಮಗೆ ನೋವಾಯಿತೇ ಎಂದೂ ಯೋಚಿಸಿದೆ. ಶಿವರುದ್ರಪ್ಪನವರ ಕಣ್ಣು ದೊಡ್ಡದು. ಬೆಳಕು ಸರಿಯಾದ ಜಾಗಕ್ಕೆ ಬೀಳುವವರೆಗೆ ಕಾಯುವ ತಾಳ್ಮೆ ಅವರಿಗಿತ್ತು ಎಂಬುದು ಫೋಟೋ ನೋಡಿದರೇ ತಿಳಿಯುತ್ತದೆ. ಅವಸರದ ಮನುಷ್ಯನಾಗಿದ್ದರೆ ಆ ತಾಯಿಯ ಕೈ ಸಿಗುತ್ತಿರಲಿಲ್ಲ.

ನೀಲಿ ಸೆಲ್ಲಿನ ಸುದ್ದಿ ನೀವು ಬರೆಯಲಿಲ್ಲ. ಹಾಕಲಿಲ್ಲವೆಂದು ತಿಳಿದಿದ್ದೇನೆ. ನನ್ನ ಖರ್ಚಿನಲ್ಲೇ ಸರಿಯಾದ ಆರು ಸೆಲ್ಲು ಚಾರ್ಜು ತುಂಬಿ ಈ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಇವು ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೂ ಚಾರ್ಜು ಇಳಿಯದ ಜಾತಿಯವು.

ಅಮರೇಶ್

(ಕೆಳಗೆ, ನೀಲಿ ಶಾಯಿಯಲ್ಲಿ:) ಕಲಿಸದಿದ್ದರೂ ಪರವಾಗಿಲ್ಲ. ಅವರನ್ನು ಒಮ್ಮೆ ನೋಡಬಹುದೇ? ಆ ತಾಯಿಯ ಫೋಟೋವನ್ನು ನಾನು ದಿನಾ ನೋಡುತ್ತೇನೆ.

*

ನಂಜುಮಳಿಗೆ, ಮೈಸೂರು
25 ಅಕ್ಟೋಬರ್ 2023

ಅಮರೇಶ್ ಅವರಿಗೆ,

ನಿನ್ನೆ ಜಂಬೂಸವಾರಿ ಆಯಿತು. ಊರಿನ ತುಂಬ ದೀಪ, ಬೀದಿಯ ತುಂಬ ಜನ. ನಾನು ಹೊರಗೆ ಹೋಗಲಿಲ್ಲ.

ಮೊನ್ನೆ ಆಯುಧಪೂಜೆಗೆ ಕ್ಯಾಮೆರಾಗಳನ್ನೂ ಫ್ಲ್ಯಾಷನ್ನೂ ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದೆ. ಹೂ ಇಡುವಾಗ, ಸತ್ತ ವಸ್ತುವಿಗೆ ಪೂಜೆ ಮಾಡುತ್ತಾ, ನಿಮಗೆ ಸುಳ್ಳು ಬರೆದು ಕೂತಿದ್ದೇನಲ್ಲ ಎನ್ನಿಸಿತು.

ನೀಲಿ ಸೆಲ್ಲು ಹಾಕಿದೆ. ಆ ಸೋಮವಾರವೇ. ನೀವು ಬರೆದಿದ್ದ ಸಿಳ್ಳೆ ನನಗೆ ಕೇಳುವುದಿಲ್ಲ. ಹಿಂದೆ ಆ ಸಿಳ್ಳೆಯ ಏರಿನಲ್ಲೇ ಬೆಳಕು ಎಷ್ಟು ತುಂಬಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಈಗ ಕಿವಿಯಲ್ಲಿ ಬರೀ ಗುಂಯ್. ಅದು ಕಿರುಚಿಕೊಂಡಿರಬೇಕು, ನಾನು ಹಿಡಿದೇ ನಿಂತಿದ್ದೆ. ಸುಟ್ಟ ವಾಸನೆ ಬಂದಾಗಲೇ ಕೈಬಿಟ್ಟದ್ದು. ಆಮೇಲೆ ಏನೂ ಇಲ್ಲ. ನಿಮ್ಮ ಎಚ್ಚರಿಕೆಯ ಪತ್ರ ಆ ವಾರದ ಕೊನೆಗೆ ಬಂತು. ಅದರೊಳಗೆ ಆ ಚೀಟಿ. ನಮ್ಮವರ ಫ್ಲ್ಯಾಷನ್ನು ಸುಟ್ಟು ಕೂತವಳ ಕೈಗೆ ಅಂಥ ಚೀಟಿ ಸಿಕ್ಕಿದರೆ ಏನು ಬರೆಯುವುದು ಹೇಳಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಿದ್ದಪ್ಪಾಜಿ ಎಂಬುವರು ಯಾರೂ ಇಲ್ಲ. ಬೆಳಕು ಹಿಡಿದವಳು ನಾನು.

ಮದುವೆಯಾಗಿ ಬಂದ ಹೊಸತು. ಕಡಕೊಳದಲ್ಲಿ ಒಂದು ಮದುವೆ. ಲೈಟು ಹಿಡಿಯುವವನು ಜ್ವರ ಎಂದು ಬರಲಿಲ್ಲ. ಇವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಇದನ್ನು ಹಿಡಿದು ನಿಂತುಕೋ, ಏನೂ ಮಾಡಬೇಡ ಅಂದರು. ನಾನು ಏನೂ ಮಾಡದೆ ನಿಂತೆ. ಎರಡನೇ ರೋಲಿನ ಹೊತ್ತಿಗೆ ಕೈ ತಾನಾಗಿ ಸರಿಯತೊಡಗಿತು. ಹುಡುಗಿಗೆ ಕೆನ್ನೆಯ ಮೇಲೊಂದು ಸುಟ್ಟ ಕಲೆಯಿತ್ತು, ಅದನ್ನು ಮುಚ್ಚಿಕೊಳ್ಳಲು ಪದೇ ಪದೇ ತಲೆ ತಗ್ಗಿಸುತ್ತಿದ್ದಳು. ನಾನು ಆಚೆ ಪಕ್ಕಕ್ಕೆ ಹೋಗಿ ನಿಂತೆ. ಬೆಳಕು ಇನ್ನೊಂದು ಕೆನ್ನೆಗೆ ಬಿತ್ತು. ಆಮೇಲೆ ಅವಳು ತಲೆಯೆತ್ತಿ ಕೂತಳು. ಫೋಟೋ ತೊಳೆದ ದಿನ ಇವರು ಅದನ್ನು ಬಹಳ ಹೊತ್ತು ನೋಡಿ, ಮುಂದಿನ ಮದುವೆಗೂ ನೀನೇ ಬಾ ಅಂದರು. ಹಳೆಯ ಹುಡುಗನಿಗೆ ಡಾರ್ಕ್‌ರೂಮಿನ ಕೆಲಸ ಕೊಟ್ಟರು.

ಅಲ್ಲಿಂದ ಸ್ಟುಡಿಯೋ ಮುಚ್ಚುವವರೆಗೂ ನಾನೇ. ಎಲ್ಲಿ ನಿಲ್ಲಬೇಕೆಂದು ಇವರು ಒಂದು ದಿನವೂ ಹೇಳಲಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟು "ಪ್ರೇಮಾ" ಅನ್ನುತ್ತಿದ್ದರು, ಅಷ್ಟೇ. ನಾನು ಜಾಗ ಹಿಡಿಯುವವರೆಗೆ ಕಾಯುತ್ತಿದ್ದರು. ಬೀಗರು ಗೊಣಗಿದರೂ, ಪುರೋಹಿತರು ಮುಹೂರ್ತ ಮೀರುತ್ತದೆ ಎಂದರೂ ಕಾಯುತ್ತಿದ್ದರು. ನೀವು ಅವರ ತಾಳ್ಮೆಯ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ. ಹೆಣ್ಣಿನ ಕಡೆಯವರು ನನ್ನನ್ನು ಲೈಟಮ್ಮ ಅನ್ನುತ್ತಿದ್ದರು. "ಲೈಟಮ್ಮ ಬಂದ್ರು, ಸೆರಗ್ ಸರಿ ಮಾಡ್ಕಳ್ರವ್ವ" ಎಂದು ಒಳಗಿನ ಕೋಣೆಗೂ ಬಿಡುತ್ತಿದ್ದರು.

ಇವರು ನನ್ನನ್ನು ಬಚ್ಚಿಡಲಿಲ್ಲ. ಯಾರೂ ಕೇಳಲಿಲ್ಲ, ಹಾಗಾಗಿ ಯಾರೂ ಹೇಳಲಿಲ್ಲ. ಇವರು ಹೋದ ಮೇಲೆ ಫೋಟೋಗ್ರಾಫರುಗಳ ಸಂಘದವರು ಸಭೆ ಮಾಡಿ ಶಿವರುದ್ರಪ್ಪನವರ ಬೆಳಕು ಎಂದು ಒಂದು ಗಂಟೆ ಮಾತಾಡಿದರು. ನನಗೆ ಶಾಲು ಹೊದಿಸಿದರು, ಮೊದಲ ಸಾಲಿನಲ್ಲಿ ಕೂರಿಸಿದರು. ನನಗೆ ಸಿಟ್ಟು ಬರಲಿಲ್ಲ. ಆದರೆ ಮನೆಗೆ ಬಂದು ಬೀರು ತೆಗೆದು ಫ್ಲ್ಯಾಷನ್ನು ಕೈಯಲ್ಲಿ ಹಿಡಿದು ನೋಡಿದೆ. ಶೋಕೇಸಿಗಲ್ಲ, ಅದು ಇನ್ನೊಮ್ಮೆ ಉರಿಯಲಿ ಎಂದು ಆಸೆಯಾಯಿತು.

ಯಾರು ಹಿಡಿದದ್ದೆಂದು ಕೇಳಿದ ಮೊದಲಿಗರು ನೀವು. ಕೇಳಿದಾಗ ಪೆನ್ನು ಯಾಕೆ ಗಂಡಸಿನ ಹೆಸರು ಬರೆಯಿತೋ ನನಗೆ ತಿಳಿಯದು. ನೀವು ಗಂಡಸೆಂದೇ ಎಣಿಸಿ ಕೇಳಿದಂತಿತ್ತು; ನಿರಾಶೆ ಮಾಡುವುದು ಬೇಡ ಎನ್ನಿಸಿರಬೇಕು.

ಚೀಟಿಯನ್ನು ನಾನೇ ಓದಿದೆ. ಬಹಳ ಸಲ ಓದಿದೆ. ಸಂತೋಷವಾಯಿತು ಎಂದದ್ದು ಮಾತ್ರ ಸುಳ್ಳಲ್ಲ.

ಪ್ರೇಮಲೀಲಾ

*

ಸಿಂಧನೂರು
3 ನವೆಂಬರ್ 2023

ಅಕ್ಕಾ,

ಇನ್ನು ಮೇಲೆ ಹೀಗೆಯೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ.

ಪತ್ರವನ್ನು ಅಂಗಡಿಯಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಬಸಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು. ಸುಟ್ಟ ಕಲೆಯ ಹುಡುಗಿಯ ಮಾತು ಬಂದಾಗ ಒಲೆ ಆರಿಸಿದಳು. ಓದಿ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಬೆಳಕು ಹಿಡದಾಕಿ ಹೆಣ್ಮಗಳಂತ. ಈಗರೆ ಕಳಸ್ತೀರೋ ಇಲ್ಲೋ?" ಅಂದಳು.

ಅಕ್ಕಾ, ನೀವು ನಿಜ ಬರೆದ ಮೇಲೆ ನಾನು ಸುಳ್ಳು ಇಟ್ಟುಕೊಳ್ಳಬಾರದು. ನಮ್ಮ ಅಂಗಡಿಯಲ್ಲಿ ಹುಡುಗ ಯಾರೂ ಇಲ್ಲ. ಆ ನೀಲಿ ಶಾಯಿ ನನ್ನ ಮಗಳು ಬಿಂದುಶ್ರೀಯದು. ಡಿಗ್ರಿ ಮುಗಿಸಿದ್ದಾಳೆ. ಟ್ಯೂಷನ್ ಹೇಳಿ ದುಡ್ಡು ಕೂಡಿಸಿ ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡಿದ್ದಾಳೆ. ಹೋದ ವರ್ಷ ಇಲ್ಲಿನ ಒಂದು ಮದುವೆ ತಂಡದ ಜೊತೆ ಹೋದಳು. ತಂಡದಲ್ಲಿ ಇವಳೊಬ್ಬಳೇ ಹುಡುಗಿ. ಊಟದ ಪಂಕ್ತಿಯಲ್ಲಿ ಯಾರೋ ಏನೋ ಅಂದರು. ಅವಳು ಅಂದವನಿಗೆ ತಕ್ಕ ಉತ್ತರ ಕೊಟ್ಟು ಕೆಲಸ ಮುಗಿಸಿಯೇ ಬಂದಳು. ಸುದ್ದಿ ಮಾತ್ರ ಅವಳಿಗಿಂತ ಮೊದಲು ನನ್ನ ಅಂಗಡಿಗೆ ಬಂತು. ಇನ್ನು ಮದುವೆ ಫೋಟೋ ಬೇಡ ಎಂದೆ. ಅವಳು ಎದುರಾಡಲಿಲ್ಲ. ನಿಮ್ಮ ಮೊದಲ ಪತ್ರ ಬರುವವರೆಗೂ ಅಂಗಡಿಯ ಕಡೆ ತಲೆಯನ್ನೇ ಹಾಕಿರಲಿಲ್ಲ. ಹೆಣ್ಣುಮಗಳು ಅಂದರೆ ನೀವೂ ನನ್ನ ಹಾಗೆ ಬೇಡ ಅನ್ನುತ್ತೀರೇನೋ ಎಂದು ಹುಡುಗ ಎಂದು ಬರೆದೆ. ಸಿದ್ದಪ್ಪಾಜಿಯವರು ಒಪ್ಪಿಬಿಟ್ಟರೆ ಮಗಳನ್ನು ಗಂಡಸಿನ ಹತ್ತಿರ ಹೇಗೆ ಕಳಿಸುವುದು ಎಂದು ಒಳಗೊಳಗೇ ಹೆದರಿದವನೂ ನಾನೇ.

ಫ್ಲ್ಯಾಷನ್ನು ಕಳಿಸಿಕೊಡಿ. ಸುಟ್ಟಿರುವುದು ಒಂದೆರಡು ಸಣ್ಣ ಭಾಗ ಇರಬೇಕು. ಹೆಂಚು ಹಾರಿದೆ, ಗೋಡೆ ಬಿದ್ದಿರಲಿಕ್ಕಿಲ್ಲ.

ಅಮರೇಶ್

*

ಸಿಂಧನೂರು
2 ಡಿಸೆಂಬರ್ 2023

ಅಕ್ಕಾ,

ಫ್ಲ್ಯಾಷಿನ ಪಾರ್ಸೆಲ್ಲಿನಲ್ಲಿ ನೀವು ಮಗಳನ್ನು ಕಳಿಸಿ ಎಂದು ಬರೆದಿದ್ದಿರಿ. ಈ ಪತ್ರ ತಂದಿರುವವಳು ಬಿಂದುಶ್ರೀ. ಅವಳ ಚೀಲದಲ್ಲಿ ನಿಮ್ಮ ಫ್ಲ್ಯಾಷಿದೆ. ಎರಡನ್ನೂ ಕೊರಿಯರಿಗೆ ಕೊಡಲು ಮನಸ್ಸು ಬರಲಿಲ್ಲ.

ಒಳಗಿನ ಎರಡು ಟ್ರಾನ್ಸಿಸ್ಟರ್ ಕಪ್ಪಾಗಿದ್ದವು, ಬದಲಾಯಿಸಿದೆ. ವಿದ್ಯುತ್ತನ್ನು ಕೂಡಿಡುವ ಭಾಗ ಕ್ಷೇಮ. ಈ ವಯಸ್ಸಿನಲ್ಲೂ ಒಂದು ಹನಿ ಸೋರದೆ ಹಿಡಿದಿಡುತ್ತದೆ. ಮಾಡಿದವನಿಗೆ ಕೈ ಮುಗಿದೆ. ನಾನು ಮೊದಲು ಕಳಿಸಿದ್ದ ಆರು ಸೆಲ್ಲನ್ನೇ ಹಾಕಿ. ಒಂದರ ಹಿಂದೊಂದು ಬಿಡದೆ ಹೊಡೆಯಬೇಡಿ. ಈಗಿನ ಸೆಲ್ಲು ಬೇಗ ಬೇಗ ತುಂಬಿಕೊಡುತ್ತದೆ, ಆದರೆ ಫ್ಲ್ಯಾಷಿನ ಮುಂಭಾಗ ಹಳೆಯ ಕಾಲದ್ದು, ಬಿಸಿಯಾಗುತ್ತದೆ. ಎತ್ತು ಹೊಸದು, ಗಾಡಿ ಹಳೆಯದು. ಬಿಂದುವಿನ ಕ್ಯಾಮೆರಾಗೆ ನೇರ ಸಿಕ್ಕಿಸಿದರೆ ಕ್ಯಾಮೆರಾ ಸುಡಬಹುದು. ಅದಕ್ಕೆ ಎರಡು ಪುಟ್ಟ ಡಬ್ಬಿ ಕೊಟ್ಟಿದ್ದೇನೆ, ಒಂದು ಕ್ಯಾಮೆರಾ ಮೇಲೆ, ಒಂದು ಫ್ಲ್ಯಾಷಿಗೆ. ನಡುವೆ ತಂತಿ ಬೇಡ. ಎಷ್ಟು ದೂರ ಬೇಕಾದರೂ ಹೋಗಿ ನಿಲ್ಲಬಹುದು.

ಸಂಕ್ರಾಂತಿಯವರೆಗೆ ಇರುತ್ತೇನೆ ಎಂದಿದ್ದಾಳೆ. ನಿಮಗೆ ಭಾರವಾದರೆ ಒಂದು ಮಾತು ಬರೆಯಿರಿ, ಬಂದು ಕರೆದುಕೊಂಡು ಹೋಗುತ್ತೇನೆ.

ಅಮರೇಶ್

*

ನಂಜುಮಳಿಗೆ, ಮೈಸೂರು
8 ಜನವರಿ 2024

ತಮ್ಮಾ ಅಮರೇಶ,

ಬರೆಯಲು ತಡವಾಯಿತು. ಮಗಳು ದಿನಾ ಫೋನ್ ಮಾಡುತ್ತಾಳಲ್ಲ ಎಂದು ಸುಮ್ಮನಿದ್ದೆ. ಅವಳು ನಿಮಗೆ ಊಟ ತಿಂಡಿಯ ಸುದ್ದಿ ಬಿಟ್ಟು ಬೇರೆ ಏನೂ ಹೇಳುವುದಿಲ್ಲವೆಂದು ನಿನ್ನೆ ಗೊತ್ತಾಯಿತು. ಅಪ್ಪ ಬೇಡ ಅಂದಾರು ಎಂದು ಇನ್ನೂ ಹೆದರುತ್ತಾಳೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಚಾಮುಂಡಿ ಬೆಟ್ಟದ ಮೇಲೆ ಹೂವು ಕಾಯಿ ಮಾರುವ ಮಂಗಳಮ್ಮ ಅಂತ ಇದ್ದಾರೆ. ನನಗೆ ಬಹಳ ಕಾಲದಿಂದ ಗೊತ್ತು. ಬಿಂದುವನ್ನು ದೇವಿಯ ದರ್ಶನಕ್ಕೆ ಕರೆದುಕೊಂಡು ಹೋದಾಗ ಅವಳ ಕೊರಳಲ್ಲಿದ್ದ ಕ್ಯಾಮೆರಾ ನೋಡಿ, ನಂದೂ ಒಂದು ಫೋಟೋ ತೆಗೀತೀಯಾ ಎಂದು ಕೇಳಿದರು. ಮಕ್ಕಳು ತೆಗೆದಿರಬೇಕಲ್ಲ ಎಂದೆ. ಆಧಾರ್ ಕಾರ್ಡಿನಲ್ಲಿರುವುದೊಂದೇ ಅಂತೆ, ಅದರಲ್ಲಿ ತನ್ನ ಗುರುತು ತನಗೇ ಸಿಗುವುದಿಲ್ಲವಂತೆ. "ಹಾರ ಹಾಕಕ್ಕಲ್ಲ ಕಣವ್ವ," ಅಂದರು. "ಬದುಕಿರೋವಾಗ ನಾನೇ ನೋಡ್ಕಳಕ್ಕೆ."

ಮಾರನೆಯ ದಿನ ಬೆಳಿಗ್ಗೆ ಹೋದೆವು. ಅಂಗಡಿಯ ಮೇಲೆ ನೀಲಿ ಟಾರ್ಪಾಲು, ಒಳಗೆಲ್ಲ ನೀಲಿ ಛಾಯೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಯಾವ ಫೋಟೋಗ್ರಾಫರಾದರೂ ಹೆದರುವ ಜಾಗ. ಬಿಂದು ಮುಖ ನೋಡಿದಳು. ನಾನು ಫ್ಲ್ಯಾಷ್ ಎತ್ತಿದೆ. ಸಿಳ್ಳೆ ನನಗೆ ಕೇಳದೆಂದು ಅವಳಿಗೆ ಗೊತ್ತು. ಕೇಳಿ, ತುಂಬಿತು ಎಂದು ತಲೆಯಾಡಿಸಿದಳು. ನಿಮ್ಮ ಸೆಲ್ಲು ನಿಜಕ್ಕೂ ಪ್ರಚಂಡ. ನಮ್ಮ ಕಾಲದಲ್ಲಿ ಒಂದು ಹೊಡೆದರೆ ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಕಾಯಬೇಕಿತ್ತು. ಈಗ ನಾನು ಉಸಿರು ಬಿಡುವುದರೊಳಗೆ ಅವಳು ತಲೆಯಾಡಿಸುತ್ತಾಳೆ.

ನನ್ನ ಭುಜ ಮೊದಲಿನಂತಿಲ್ಲ. ಕೆಲವು ಫೋಟೋ ಆದ ಮೇಲೆ ಕೈ ಇಳಿಯಿತು. ಬಿಂದು ಬಂದು ಫ್ಲ್ಯಾಷ್ ತೆಗೆದುಕೊಂಡು ಕ್ಯಾಮೆರಾವನ್ನು ನನ್ನ ಕೈಗಿಟ್ಟಳು. ಬೇಡ, ನನಗೆ ಬರುವುದಿಲ್ಲ ಎಂದೆ. "ಎಲ್ಲಿ ನಿಲ್ಲಲಿ ದೊಡ್ಡಮ್ಮ, ಅದಷ್ಟು ಹೇಳಿ," ಎಂದಳು. ನಾನು ಕಣ್ಣಿಗೆ ಕ್ಯಾಮೆರಾ ಇಟ್ಟೆ.

ತಮ್ಮಾ, ನಾನು ಅಷ್ಟೊಂದು ಮದುವೆಗಳನ್ನು ಪಕ್ಕದಿಂದ ನೋಡಿದವಳು. ಎಲ್ಲರ ಕೆನ್ನೆ, ಕಿವಿ, ಓಲೆ ನನಗೆ ಗೊತ್ತು. ನಾನು ಕೊಟ್ಟ ಬೆಳಕು ಎದುರಿನಿಂದ ಹೇಗೆ ಕಾಣುತ್ತದೆ ಎಂದು ಫೋಟೋ ತೊಳೆದ ಮೇಲೆ ಬಿಟ್ಟು ಎಂದೂ ನೋಡಿರಲಿಲ್ಲ. ಬಿಂದು ಬಾಳೆಎಲೆಯ ಕಟ್ಟಿನ ಪಕ್ಕಕ್ಕೆ ಹೋಗಿ, ನಾನು ಹೇಳುವ ಮೊದಲೇ ಮೊಣಕಾಲೂರಿ ಕೂತು, ಫ್ಲ್ಯಾಷನ್ನು ಮಂಗಳಮ್ಮನವರ ಮುಂದಿದ್ದ ಬಿಳಿ ಸೇವಂತಿಗೆಯ ರಾಶಿಗೆ ತಿರುಗಿಸಿದಳು. ಹೂವಿನಿಂದ ಬೆಳಕು ಎದ್ದು ಮುಖಕ್ಕೆ ಬಂತು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೇ ಹೊಳೆದಿರಲಿಲ್ಲ. ಕಣ್ಣು ತುಂಬಿ ಎದುರಿನದು ಮಸುಕಾಯಿತು. ಒತ್ತಿದೆ.

ಮಂಗಳಮ್ಮ ಕ್ಯಾಮೆರಾದ ಬೆನ್ನಿನಲ್ಲಿ ಬಹಳ ಹೊತ್ತು ನೋಡಿದರು. "ನನ್ ಮೂಗು ನಮ್ಮವ್ವನ್ದೇ ಕಣವ್ವ," ಅಂದರು. "ಇಷ್ಟು ದಿನ ನಂಗೆ ಗೊತ್ತೇ ಇರ್ನಿಲ್ಲ." ಅವರ ತಾಯಿ ಇವರು ಸಣ್ಣವರಿದ್ದಾಗಲೇ ಹೋದರಂತೆ. ಫೋಟೋ ಇಲ್ಲವಂತೆ.

ಆ ಫೋಟೋ ಈಗ ಅವರ ಅಂಗಡಿಯಲ್ಲಿ ತೂಗುತ್ತಿದೆ. ಅದರ ಬೆನ್ನಿಗೆ ನಮ್ಮಿಬ್ಬರ ಹೆಸರನ್ನೂ ಬಿಂದು ಬರೆದಿದ್ದಾಳೆ. ಅದನ್ನು ನೋಡಿಯೇ ಮೇಟಗಳ್ಳಿಯಿಂದ ಸುಮಿತ್ರಮ್ಮ ಎಂಬುವರು ಮಗಳ ಮದುವೆ ಫೋಟೋಕ್ಕೆ ನಮ್ಮನ್ನು ಹುಡುಕಿಕೊಂಡು ಬಂದರು. ಜನವರಿ ಕೊನೆಯ ಭಾನುವಾರ. ಬಿಂದು ಒಪ್ಪಿಕೊಂಡಿದ್ದಾಳೆ. ನಿಮಗೆ ಹೇಳಲು ಧೈರ್ಯ ಸಾಲದೆ ಒದ್ದಾಡುತ್ತಿದ್ದಾಳೆ. ಅವಳ ಕಣ್ಣು ನಮ್ಮವರ ಕಣ್ಣಿನಂಥದ್ದು. ಅದಕ್ಕಿಂತ ದೊಡ್ಡ ಮಾತು ನನ್ನ ಬಾಯಲ್ಲಿ ಇಲ್ಲ. ಬೇಡ ಎನ್ನಬೇಡಿ.

ಸುಮಿತ್ರಮ್ಮ ಹೊರಡುವಾಗ, "ಗಂಡಸ್ರು ಯಾರೂ ಬರಲ್ವಾ?" ಎಂದು ಕೇಳಿದರು. ಬರ್ತಾರೆ, ಚೀಲ ಹೊರೋಕೆ ಒಬ್ರು ಅಂದುಬಿಟ್ಟೆ. ಯಾರು ಎಂದು ಇನ್ನೂ ಹೇಳಿಲ್ಲ. ಸಂಬಳವಿಲ್ಲ, ಮದುವೆ ಊಟ ಇದೆ.

ನಿಮ್ಮ ಅಕ್ಕ,
ಪ್ರೇಮಲೀಲಾ

*

ಸಿಂಧನೂರು
16 ಜನವರಿ 2024

ಅಕ್ಕಾ,

ಬರುತ್ತೇನೆ. ಬಸ್ಸಿಗೆ ಸೀಟು ಮಾಡಿಸಿದ್ದೇನೆ, ಮದುವೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ಬಿಂದುವಿಗೆ ನೀವೇ ಹೇಳಿ. ಫೋನಿನಲ್ಲಿ ಹೇಳಲು ಹೋಗಿ, ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ಮಗಳು ಎಲ್ಲಿ ಎಂದು ಕೇಳಿದವರಿಗೆಲ್ಲ ಇಲ್ಲಿಯವರೆಗೆ ಮೈಸೂರಿನ ಸಂಬಂಧಿಕರ ಮನೆಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ಬಸಮ್ಮನಿಗೆ ಅದು ಸೇರುತ್ತಿರಲಿಲ್ಲ. ನಿಮ್ಮ ಪತ್ರ ಓದಿದ ಸಂಜೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ತಾನೇ ಬರೆದಳು: "ಮಗಳ ಫೋಟೋ ಕೆಲಸಕ್ಕೆ ಮೈಸೂರಿಗೆ ಹೋಗಿದ್ದೇನೆ. ಅಂಗಡಿ ಮಂಗಳವಾರ ತೆರೆಯುತ್ತದೆ." ಹೊರಡುವ ದಿನ ತೂಗುಹಾಕು ಎಂದಿದ್ದೆ. ಇವತ್ತೇ ತೂಗುಹಾಕಿ ಹೋಗಿದ್ದಾಳೆ.

ಗಿರಾಕಿಗಳು ಬರುತ್ತಾರೆ, ನಿಂತು ಬೋರ್ಡು ಓದುತ್ತಾರೆ, ಒಳಗೆ ಕೂತ ನನ್ನನ್ನು ನೋಡುತ್ತಾರೆ. ಮೈಸೂರಿಗೆ ಹೋಗೀರಂತಲ್ಲ ಎಂದು ಕೇಳುತ್ತಾರೆ. "ಹೊಂಟೀನ್ರಿ," ಅನ್ನುತ್ತೇನೆ. "ಮಗಳು ಕೆಲಸಕ್ಕ ಕರದಾಳ."

ಬೆಳಗಿನಿಂದ ಎಷ್ಟೋ ಜನ ಕೇಳಿದರು. ಬೋರ್ಡು ಇನ್ನೂ ತೆಗೆದಿಲ್ಲ.

ನಿಮ್ಮ ತಮ್ಮ,
ಅಮರೇಶ